ವೈನಿಗೊಂದು ಹಿತವಾದ ಒಳಕುಪ್ಪಸ

ನಮ್ಮ ಕಡೆ ಬಸುರಿಗೆ ಐದನೆಯ ಇಲ್ಲವೆ ಏಳನೆಯ ತಿಂಗಳಲ್ಲಿ ಕುಬಸ ಮಾಡುತ್ತಾರೆ. ಕಾರ್ಡು ಅಚ್ಚು ಹಾಕಿಸಿ ಬೀಗರಿಗೆಲ್ಲ ಹಂಚುತ್ತಾರೆ. ‘ಕುಬಸ ಕಾರ್ಯಕ್ರಮ’ ಎಂಬುದು ಆ ಕಾರ್ಡಿನಲ್ಲಿ ದಪ್ಪ ಅಕ್ಷರದಲ್ಲಿರುತ್ತದೆ. ಮನೆಗೆ ಬಂದ ಹೆಣ್ಣುಮಗಳಿಗೆ ಗುಳೇದಗುಡ್ಡದ ಖಣ ಇಟ್ಟು ಉಡಿ ತುಂಬುತ್ತಾರೆ. ಹೆಂಗಸರು ಎದೆಗೆ ತೊಡುವ ಬಟ್ಟೆಯ ಹೆಸರಿನಲ್ಲೇ ಒಂದು ಮಂಗಳಕಾರ್ಯ ನಡೆಸುವ ನಾಡು ನಮ್ಮದು. ಆದರೆ ಅದೇ ಕುಬಸದ ಒಳಗೆ ತೊಡುವ ಬಟ್ಟೆಯ ಮಾತು ಬಂದಾಗ ದನಿ ತಗ್ಗುತ್ತದೆ. ಹಳಬರು ಅದನ್ನು ‘ಬಾಡಿ’ ಎನ್ನುತ್ತಾರೆ, ಓದಿದವರು ‘ಬ್ರಾ’ ಎನ್ನುತ್ತಾರೆ. ಇಬ್ಬರೂ ಹೇಳುವುದು ಪಿಸುಮಾತಿನಲ್ಲೇ.

ಐವತ್ತು ದಾಟಿದ ಒಬ್ಬ ವಿಜ್ಞಾನದ ಮಾಸ್ತರ ಈ ವಿಷಯಕ್ಕೆ ಏಕೆ ಕೈಹಾಕಿದ ಎಂದು ಓದುಗರಿಗೆ ಅನ್ನಿಸಬಹುದು. ನನ್ನ ಊರು ಅಫಜಲಪುರ ತಾಲೂಕಿನಲ್ಲಿ, ಭೀಮಾ ನದಿಯ ದಂಡೆಗೆ. ನೌಕರಿ ಆಳಂದದಲ್ಲಿ. ಹೆಂಡತಿಯ ತವರು ಜೇವರ್ಗಿ. ಊರಲ್ಲಿರುವ ಅಣ್ಣನ ಹೆಂಡತಿ, ಅಂದರೆ ನಮ್ಮ ವೈನಿ, ನಾನು ಆರನೆಯ ತರಗತಿಯಲ್ಲಿದ್ದಾಗ ಆ ಮನೆಗೆ ಬಂದವರು. ನನ್ನ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ದಿನಾ ಬುತ್ತಿ ಕಟ್ಟಿಕೊಟ್ಟವರು. ಇದನ್ನು ಬರೆಯಲೇ ಎಂದು ಕೇಳಿದಾಗ ಅವರು ಹೇಳಿದ್ದು ಇಷ್ಟು: “ಬರಿಯಪ್ಪ ಮಾಸ್ತರ, ಬರಿ. ನನ್ನ ಹೆಸರೊಂದು ಹಾಕಬ್ಯಾಡ. ನಾಕು ಮಂದಿ ಹೆಣ್ಣಮಕ್ಕಳಿಗೆ ಉಪಯೋಗ ಆಗಲಿ.”

2019ರಲ್ಲಿ ವೈನಿಯ ಎಡ ಎದೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ನಾಲ್ಕು ತಿಂಗಳು ಅವರು ಯಾರಿಗೂ ಹೇಳಲಿಲ್ಲ. “ಬ್ಯಾನಿ ಇರಲಿಲ್ಲ, ಅದಕ್ಕ ಸುಮ್ಮನಿದ್ದೆ” ಎಂದರು. ಹೆಚ್ಚಿನ ಹೆಂಗಸರು ಮೋಸಹೋಗುವುದು ಇಲ್ಲಿಯೇ. ಸ್ತನ ಕ್ಯಾನ್ಸರಿನ ಗಂಟು ಆರಂಭದಲ್ಲಿ ಬಹುತೇಕ ನೋಯುವುದಿಲ್ಲ. ನಮ್ಮ ದೇಶದ ಹೆಂಗಸರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದೇ. 2022ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದು ವರ್ಷಕ್ಕೆ ಸುಮಾರು 1 ಲಕ್ಷ 92 ಸಾವಿರ ಮಂದಿಗೆ ಹೊಸದಾಗಿ ಈ ರೋಗ ತಗುಲಿತು.

ವೈನಿಯ ಪುಣ್ಯ, ರೋಗ ಬಹಳ ಹಬ್ಬಿರಲಿಲ್ಲ. ಪರಊರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಸ್ತನವನ್ನು ತೆಗೆದ ಡಾಕ್ಟರು ಅದೇ ಹೊತ್ತಿಗೆ ಆ ಜಾಗದಲ್ಲಿ ಹೊಸದೊಂದನ್ನು ಕಟ್ಟಿಕೊಟ್ಟರು. ಬೆನ್ನಿನ ಅಗಲವಾದ ಸ್ನಾಯುವನ್ನು ಮೇಲಿನ ಚರ್ಮದೊಂದಿಗೆ ಬಿಡಿಸಿ, ಅದಕ್ಕೆ ರಕ್ತ ಒಯ್ಯುವ ನಾಳವನ್ನು ಕಡಿಯದೆ, ಕಂಕುಳ ಕೆಳಗಿನಿಂದ ಎದೆಗೆ ತಿರುವಿ ತಂದು ಹೊಲಿಯುವ ಪದ್ಧತಿ ಅದು. ಬಳ್ಳಿಯನ್ನು ಬುಡಸಮೇತ ಕೀಳದೆ ಇನ್ನೊಂದು ಚಪ್ಪರಕ್ಕೆ ತಿರುಗಿಸಿದಂತೆ ಎಂದು ನಾನು ಮನೆಯವರಿಗೆ ತಿಳಿಸಿ ಹೇಳಿದೆ. ಈ ವಿದ್ಯೆ ಹೊಸದೇನೂ ಅಲ್ಲ. 1895ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಚೆರ್ನಿ ಎಂಬ ಸರ್ಜನ್ ಒಬ್ಬ ಹೆಣ್ಣುಮಗಳ ಮೈಯಲ್ಲೇ ಇದ್ದ ಕೊಬ್ಬಿನ ಗಡ್ಡೆಯನ್ನು ತೆಗೆದು ಎದೆಯ ಖಾಲಿ ಜಾಗಕ್ಕೆ ತುಂಬಿದ್ದ. ಬೆನ್ನಿನ ಸ್ನಾಯುವನ್ನು ಮುಂದಕ್ಕೆ ತರುವ ಪದ್ಧತಿಯನ್ನು ಇಟಲಿಯ ತಾನ್ಸಿನಿ 1906ರಲ್ಲಿ ವಿವರಿಸಿದ. ಸಿಲಿಕೋನ್ ತುಂಬಿದ ಚೀಲವನ್ನು ಎದೆಯೊಳಗೆ ಇಡುವುದು ಅಮೆರಿಕದ ಹ್ಯೂಸ್ಟನ್‌ನಲ್ಲಿ 1962ರಲ್ಲಿ ಆರಂಭವಾಯಿತು.

ಇಷ್ಟೆಲ್ಲ ವಿದ್ಯೆಯ ಕೊನೆಗೆ ವೈನಿ ಊರಿಗೆ ಬಂದದ್ದು ಬೇಸಿಗೆಯಲ್ಲಿ. ನಮ್ಮ ಜಿಲ್ಲೆಯ ಬೇಸಿಗೆ ಎಂಥದೆಂದು ಹೇಳಬೇಕಾಗಿಲ್ಲ, ಏಪ್ರಿಲ್ ಬಂತೆಂದರೆ ಪಾದರಸ 40 ಡಿಗ್ರಿ ದಾಟುತ್ತದೆ. ಗಾಯ ಮಾಯ್ದಿತ್ತು, ಔಷಧ ನಡೆದಿತ್ತು. ಹೋದವನು ಹೇಗಿದ್ದೀರಿ ಎಂದು ಕೇಳಿದೆ. “ಜಡ್ಡು ಹೋತು ಮಾಸ್ತರ. ಈಗ ಈ ಬಾಡೀದೇ ತ್ರಾಸ ಆಗ್ಯಾದ ನೋಡು” ಎಂದರು. ಮೈದುನನ ಮುಂದೆ ಆ ಮಾತು ಆಡಬೇಕಾದರೆ ತ್ರಾಸ ಎಷ್ಟಿದ್ದೀತು!

ಜಿಲ್ಲಾ ಕೇಂದ್ರದ ಅಂಗಡಿಯೊಂದರಿಂದ ಮೂರು ತಂದಿದ್ದರಂತೆ. ಕೌಂಟರಿನಲ್ಲಿ ಗಂಡಸರು, ಡಬ್ಬಿಗಳು ಮೇಲಿನ ಕಪಾಟಿನಲ್ಲಿ. “ಸೈಜ್ ಎಷ್ಟ್ರೀ ಅಮ್ಮಾ?” ಎಂದು ಹತ್ತು ಮಂದಿಯ ನಡುವೆ ಕೂಗಿ ಕೇಳಿದ್ದಾರೆ. ಆಪರೇಷನ್ನಿನ ಮುಂಚಿನ ಸೈಜನ್ನೇ ಹೇಳಿ, ಪೇಪರಿನಲ್ಲಿ ಸುತ್ತಿದ್ದನ್ನು ತಂದಿದ್ದಾರೆ. ಈ ಮಾಲು ಒಮ್ಮೆ ಒಯ್ದರೆ ವಾಪಸ್ ತೆಗೆದುಕೊಳ್ಳುವುದಿಲ್ಲ. ಮೊದಲನೆಯದರ ಹುಕ್ಕು ಸರಿಯಾಗಿ ಬೆನ್ನಿನ ಹೊಲಿಗೆಯ ಗುರುತಿನ ಮೇಲೆ ಕೂಡುತ್ತಿತ್ತು. ಕಾರಣ ಸರಳ. ಬೆನ್ನಿನಿಂದ ಸ್ನಾಯು ತೆಗೆಯುವಾಗ ಗುರುತು ಹೊರಗೆ ಕಾಣಬಾರದೆಂದು, ಬ್ರಾದ ಪಟ್ಟಿ ಹಾಯುವ ಗೆರೆಯಲ್ಲಿಯೇ ಸರ್ಜನ್ನರು ಅನೇಕ ಸಲ ಕೊಯ್ಯುತ್ತಾರೆ. ಗುರುತು ಮುಚ್ಚುತ್ತದೆ, ಆದರೆ ಪಟ್ಟಿ ಅದನ್ನೇ ತಿಕ್ಕುತ್ತದೆ. ಎರಡನೆಯದರಲ್ಲಿ ಕೆಳಗೆ ತಂತಿ ಇತ್ತು. ಮೂರನೆಯದು ನೈಲಾನಿನದು, ಹೆಗಲಿನ ಪಟ್ಟಿ ದಾರದಷ್ಟು ಸಣ್ಣ. ಇನ್ನು ಹೊಸ ಎದೆ ಹಳೆಯದಕ್ಕಿಂತ ಚಿಕ್ಕದಾದ್ದರಿಂದ ಮೂರರಲ್ಲೂ ಎಡಭಾಗ ಜೋಲುತ್ತಿತ್ತು.

ನೋವಿಗಿಂತ ದೊಡ್ಡ ಅಪಾಯ ನೋವಿಲ್ಲದಿರುವುದು. ಒಂದು ದಿನ ಮೈ ಒರೆಸುವಾಗ ಅಣ್ಣನ ಮಗಳು ಎಡ ಎದೆಯ ಕೆಳಗೆ ಹುಣ್ಣೊಂದನ್ನು ಕಂಡಳು. ತಂತಿ ಒತ್ತಿ ಒತ್ತಿ ಚರ್ಮ ಕೆತ್ತಿತ್ತು. ವೈನಿಗೆ ಗೊತ್ತೇ ಆಗಿರಲಿಲ್ಲ! ಬಳ್ಳಿಯ ಮಾತನ್ನು ನೆನಪಿಸಿಕೊಳ್ಳಿ. ಸ್ನಾಯುವಿನೊಂದಿಗೆ ರಕ್ತನಾಳ ಬಂದದ್ದರಿಂದ ಅದು ಬದುಕಿತು. ಆದರೆ ಆ ಚರ್ಮಕ್ಕೆ ಸ್ಪರ್ಶ ತಿಳಿಸುವ ನರಗಳು ಆಪರೇಷನ್ನಿನಲ್ಲಿ ಕಡಿದುಹೋಗುತ್ತವೆ. ಕೆಲವರಿಗೆ ವರ್ಷಗಳ ನಂತರ ಅಲ್ಪಸ್ವಲ್ಪ ಸ್ಪರ್ಶ ಮರಳುತ್ತದೆ, ಕೆಲವರಿಗೆ ಇಲ್ಲ. ಬಿಸಿನೀರಿನ ಚೀಲ ಇಟ್ಟರೂ ಸುಟ್ಟದ್ದು ತಿಳಿಯದು. ಹಾಗಾಗಿ ಹಿತವಾದ ಒಳಉಡುಪು ಶೋಕಿಯ ಮಾತಲ್ಲ, ಚಿಕಿತ್ಸೆಯ ಒಂದು ಭಾಗ.

ಎಂಟನೆಯ ತರಗತಿಯಲ್ಲಿ ನಾವು ‘ಬಲ ಮತ್ತು ಒತ್ತಡ’ ಎಂಬ ಪಾಠ ಮಾಡುತ್ತೇವೆ. ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ. ಶಾಲೆಯ ಚೀಲಕ್ಕೆ ಅಗಲವಾದ ಪಟ್ಟಿ ಏಕೆ, ಕೊಡ ಹೊರುವವರು ತಲೆಯ ಮೇಲೆ ಸಿಂಬಿ ಏಕೆ ಇಡುತ್ತಾರೆ ಎಂದು ಕೇಳಿದರೆ ಮಕ್ಕಳು ತಟ್ಟನೆ ಉತ್ತರ ಕೊಡುತ್ತಾರೆ. ಅದೇ ಲೆಕ್ಕ ಇಲ್ಲಿಯೂ ನಡೆಯುತ್ತದೆ. ಪಟ್ಟಿ 1 ಸೆಂಟಿಮೀಟರ್ ಇದ್ದಲ್ಲಿ 4 ಸೆಂಟಿಮೀಟರ್ ಮಾಡಿದರೆ, ಅದೇ ಭಾರಕ್ಕೆ ಹೆಗಲಿನ ಮೇಲಿನ ಒತ್ತಡ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಕಂಕುಳಿನ ಗ್ರಂಥಿಗಳನ್ನು ತೆಗೆದವರಿಗೆ ಇದು ಇನ್ನೂ ಮುಖ್ಯ. ಅವರಲ್ಲಿ ದುಗ್ಧರಸ ಹರಿದುಹೋಗುವ ದಾರಿ ಕಡಿಮೆಯಾಗಿರುವುದರಿಂದ ತೋಳು ಬಾಯುವ ಸಂಭವವಿರುತ್ತದೆ. ಸಣ್ಣ ಪಟ್ಟಿ ಹೆಗಲಲ್ಲಿ ಕೊರೆದು ಕೂರುವುದು ಅವರಿಗೆ ಒಳ್ಳೆಯದಲ್ಲ.

ಈ ಲೆಕ್ಕವನ್ನು ಒಂದು ಹಾಳೆಯ ಮೇಲೆ ಬರೆದು ಅಣ್ಣನ ಮಗಳ ಕೈಗೆ ಕೊಟ್ಟೆ. ಅವಳು, ನನ್ನ ಹೆಂಡತಿ, ವೈನಿ ಮೂವರೂ ಕೂಡಿ ಜೇವರ್ಗಿಗೆ ಹೋದರು. ನನ್ನ ಹೆಂಡತಿಯ ತವರುಮನೆಯ ಓಣಿಯಲ್ಲಿ ಒಬ್ಬ ಕಾಕು ಇದ್ದಾರೆ. ವಯಸ್ಸು ಎಪ್ಪತ್ತರ ಹತ್ತಿರ. ನಲವತ್ತು ವರ್ಷದಿಂದ ಖಣದ ಕುಬಸ ಹೊಲಿಯುವವರು. ಹಾಳೆಯ ಕಡೆ ನೋಡಲೇ ಇಲ್ಲವಂತೆ. ವೈನಿಯ ಮಾತು ಪೂರಾ ಕೇಳಿ, “ಇದು ನಮ್ಮ ಕುಬಸಾನೇ ಅಲ್ಲೇನವ್ವಾ? ಮುಂದ ಬಿಚ್ಚೂದು, ಮುಂದ ಕಟ್ಟೂದು. ಬೆನ್ನಾಗ ಹುಕ್ಕು ಯಾಕ ಬೇಕು?” ಎಂದರಂತೆ.

ಆಪರೇಷನ್ ಆದ ಹೊಸದರಲ್ಲಿ ಮುಂದೆ ಬಿಚ್ಚುವ, ತಂತಿಯಿಲ್ಲದ, ಮೆತ್ತನೆಯ ಒಳಉಡುಪು ತೊಡಿರಿ ಎಂದು ಡಾಕ್ಟರು ಸಾಮಾನ್ಯವಾಗಿ ಹೇಳುತ್ತಾರೆ. ತೋಳು ಹಿಂದಕ್ಕೆ ತಿರುಗದವರಿಗೆ ಬೆನ್ನಿನ ಹುಕ್ಕು ಹಾಕುವುದೇ ಆಗದ ಮಾತು. ನಮ್ಮ ಅಜ್ಜಿಯರ ಕುಬಸದಲ್ಲಿ ಈ ಗುಣ ಮೊದಲಿನಿಂದಲೂ ಇದೆ. ಈಗಿನ ಬ್ರಾ ಕೂಡ ಮೊದಲು ಮೆತ್ತಗೇ ಇತ್ತು. 1914ರಲ್ಲಿ ಅಮೆರಿಕದ ಮೇರಿ ಫೆಲ್ಪ್ಸ್ ಜೇಕಬ್ ಎಂಬಾಕೆ ಅದಕ್ಕೆ ಪೇಟೆಂಟ್ ಪಡೆದಳು. ಆಕೆ ಮೊದಲು ಹೊಲಿದದ್ದು ಎರಡು ಕರವಸ್ತ್ರ ಮತ್ತು ಒಂದಿಷ್ಟು ರಿಬ್ಬನ್ನಿನಿಂದ.

ಕಾಕು ಹೊಲಿದುಕೊಟ್ಟದ್ದು ಹೀಗಿತ್ತು: ನಾಲ್ಕು ಸಲ ಒಗೆದು ಮೆತ್ತಗಾದ ಹತ್ತಿಯ ಬಟ್ಟೆ. ಹೆಗಲಿನ ಪಟ್ಟಿ ಎರಡು ಬೆರಳಿಗಿಂತ ಅಗಲ. ಬೆನ್ನು ಇಡೀ ಒಂದೇ ತುಂಡು, ಗುರುತಿನ ಮೇಲೆ ಯಾವ ಹೊಲಿಗೆಯೂ ಬರದಂತೆ. ಹೊಲಿಗೆಯ ಅಂಚುಗಳೆಲ್ಲ ಹೊರಮುಖ, ಒಳಗೆ ನುಣುಪು. ಮುಂದೆ ಲೋಹದ ಹುಕ್ಕಿನ ಬದಲು ಬಟ್ಟೆಯದೇ ಕಟ್ಟು, ಬಾವು ಬಂದ ದಿನ ಸಡಿಲು ಮಾಡಿಕೊಳ್ಳಲು. ಎಡಗಡೆ ಒಳಗೊಂದು ಜೇಬು, ಅದರಲ್ಲಿ ತೆಳ್ಳನೆಯ ಹತ್ತಿಯ ಮೆತ್ತೆ, ಎರಡೂ ಕಡೆ ಸಮ ಕಾಣಲು. ಒಂದೇ ಸಲಕ್ಕೆ ಸರಿಹೋಗಲಿಲ್ಲ. ಮೊದಲಿನದು ಕುಳಿತಾಗ ಬಿಗಿಯಿತು, ಎರಡನೆಯದು ಕೈ ಎತ್ತಿದಾಗ ಮೇಲೆ ಸರಿಯಿತು. ಮೂರನೆಯದು ಮೈಗೆ ಹೊಂದಿತು. “ಮೈಮ್ಯಾಲ ಏನರ ಅದನೋ ಇಲ್ಲೋ ಗೊತ್ತೇ ಆಗಲ್ಲ” ಎಂದು ವೈನಿ ಫೋನಿನಲ್ಲಿ ನಕ್ಕರು. ಆಪರೇಷನ್ನಿನ ನಂತರ ಅವರು ಹಾಗೆ ನಕ್ಕದ್ದನ್ನು ನಾನು ಕೇಳಿದ್ದು ಆವತ್ತೇ.

ಎಲ್ಲರಿಗೂ ಹೊಸ ಸ್ತನ ಕಟ್ಟಿಸಿಕೊಳ್ಳುವ ಅನುಕೂಲವೂ ಇಲ್ಲ, ಎಲ್ಲರಿಗೂ ಅದು ಬೇಕೆಂದೂ ಇಲ್ಲ. ಅಂಥವರು ಇದೇ ಜೇಬಿನಲ್ಲಿ ಕೃತಕ ಸ್ತನವನ್ನು ಇಟ್ಟುಕೊಳ್ಳಬಹುದು. ಬಾರ್ಬಿ ಗೊಂಬೆಯನ್ನು ರೂಪಿಸಿದ ಅಮೆರಿಕದ ರೂತ್ ಹ್ಯಾಂಡ್ಲರ್ ಅವರಿಗೆ 1970ರಲ್ಲಿ ಇದೇ ಆಪರೇಷನ್ ಆಗಿತ್ತು. ಅಂಗಡಿಯಲ್ಲಿ ತಮಗೆ ಒಪ್ಪುವಂಥದು ಸಿಗದಿದ್ದಾಗ, ಎಡಕ್ಕೆ ಬೇರೆ ಬಲಕ್ಕೆ ಬೇರೆ ಆಕಾರದ ಕೃತಕ ಸ್ತನಗಳನ್ನು ತಯಾರಿಸುವ ಕಂಪನಿಯನ್ನೇ ಅವರು ತೆರೆದರು. ಮಕ್ಕಳಿಗೆ ಗೊಂಬೆಯ ಕಥೆ ಗೊತ್ತಿರುತ್ತದೆ, ಈ ಕಥೆಯೂ ಗೊತ್ತಿರಲಿ.

ನಮ್ಮ ಅನುಭವದಿಂದ ಕೆಲವು ಮಾತು. ಆಪರೇಷನ್ ಆದ ಕೂಡಲೇ ಡಜನ್ನುಗಟ್ಟಲೆ ಕೊಳ್ಳಬೇಡಿ, ಬಾವು ಇಳಿದಂತೆ ಅಳತೆ ಬದಲಾಗುತ್ತದೆ. ಯಾವಾಗ ಏನು ತೊಡಬೇಕೆಂದು ಡಾಕ್ಟರನ್ನೇ ಬಾಯಿಬಿಟ್ಟು ಕೇಳಿ. ಟೇಪು ಹಿಡಿದು ಹೊಸದಾಗಿ ಅಳೆಯಿರಿ, ಹಳೆಯ ನಂಬರು ನಂಬಬೇಡಿ. ಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಕುಳಿತು, ಬಗ್ಗಿ, ಕೈ ಎತ್ತಿ ನೋಡಿಯೇ ಒಪ್ಪಿಕೊಳ್ಳಿ. ಸ್ಪರ್ಶವಿಲ್ಲದ ಜಾಗವನ್ನು ದಿನಾ ಕನ್ನಡಿಯಲ್ಲಿ ನೋಡಿ. ಬಿಚ್ಚಿ ಅರ್ಧ ತಾಸಾದರೂ ಕೆಂಪು ಗುರುತು ಇಳಿಯದಿದ್ದರೆ ಅದು ಬಿಗಿಯೆಂದೇ ಅರ್ಥ.

ಇನ್ನೊಂದು ಮಾತು ಬಟ್ಟೆ ಒಣಹಾಕುವ ಹಗ್ಗದ್ದು. ನಮ್ಮ ಮನೆಗಳಲ್ಲಿ ಗಂಡಸರ ಬನಿಯನ್ನು ಅಂಗಳದ ಬಿಸಿಲಿನಲ್ಲಿ ಹಾರಾಡುತ್ತದೆ. ಹೆಂಗಸರ ಒಳಉಡುಪು ಮಾತ್ರ ಸೀರೆಯ ಕೆಳಗೆ, ಇಲ್ಲವೆ ಬಚ್ಚಲುಮನೆಯ ಮೂಲೆಯಲ್ಲಿ ಅಡಗಿರುತ್ತದೆ. ಅರೆ ಒಣಗಿದ ಬಟ್ಟೆಯಲ್ಲಿ ಬೆವರು ಸೇರಿದರೆ ಶಿಲೀಂಧ್ರಕ್ಕೆ ಹಬ್ಬ. ಗಜಕರ್ಣ, ತುರಿಕೆ ಶುರುವಾಗುವುದು ಹೀಗೆ. ತುರಿಕೆ ತಿಳಿಯದ ಚರ್ಮದಲ್ಲಿ ಅದು ಎಷ್ಟು ಹಬ್ಬಿದರೂ ಗೊತ್ತಾಗದು. ಈಗ ಅಣ್ಣನ ಮನೆಯಲ್ಲಿ ಎಲ್ಲರ ಬಟ್ಟೆಯೂ ಒಂದೇ ಹಗ್ಗಕ್ಕೆ, ಒಂದೇ ಬಿಸಿಲಿಗೆ. ಹಗ್ಗ ಕಟ್ಟಿದವನು ಅಣ್ಣ.

ಜೇವರ್ಗಿಯ ಕಾಕು ಆಮೇಲೆ ಇನ್ನೂ ಕೆಲವರಿಗೆ ಹೊಲಿದುಕೊಟ್ಟಿದ್ದಾರೆ. ಅವರ ನೋಟ್‌ಬುಕ್ಕಿನಲ್ಲಿ ಅಳತೆಗಳಿವೆ, ಹೆಸರಿಲ್ಲ. ಎಡ ಇಲ್ಲವೆ ಬಲ ಎಂದು ಮಾತ್ರ ಬರೆದಿರುತ್ತದೆ. ಬಂದವರಲ್ಲಿ ಹೆಚ್ಚಿನವರು ಮನೆಯಲ್ಲಿ ಹೇಳದೆ ಬಂದವರಂತೆ.

ಈ ಪುಟವನ್ನು ಓದುವ ವಿದ್ಯಾರ್ಥಿಗಳಿಗೆ, ಅವರ ತಂದೆತಾಯಿಗಳಿಗೆ ನನ್ನ ವಿನಂತಿ ಇಷ್ಟೇ. 30 ವರ್ಷ ದಾಟಿದ ಹೆಂಗಸರ ಎದೆಯ ತಪಾಸಣೆಗೆ ಸರಕಾರದ ಕಾರ್ಯಕ್ರಮವಿದೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರವಿದೆ. ಅಲ್ಲಿಗೆ ಹೋಗುವ ಮುಂಚೆ ಮನೆಯಲ್ಲಿ ಒಂದು ಮಾತು ಹೊರಬೀಳಬೇಕು. ನೋವಿಲ್ಲದ ಗಂಟನ್ನು ತಾಯಿ ಮಗಳಿಗೆ ಹೇಳುವಂತಾಗಲಿ. ‘ಬಾಡಿ ಚುಚ್ಚತದ’ ಎಂಬ ಮಾತನ್ನು ಮನೆಯ ಗಂಡಸರು ಕಾಲಿಗೆ ಚಪ್ಪಲಿ ಕಚ್ಚಿತು ಎಂಬ ಮಾತಿನಷ್ಟೇ ಸಹಜವಾಗಿ ಕೇಳಿಸಿಕೊಳ್ಳುವಂತಾಗಲಿ. ಕುಬಸಕ್ಕೆ ಕಾರ್ಡು ಅಚ್ಚು ಹಾಕಿಸುವ ನಮಗೆ ಇಷ್ಟು ಮಾತು ಭಾರವಾಗಬಾರದು.