ಧ್ವನಿ ಸಾಲದಾದಾಗ

ಈ ಸಂಚಿಕೆಗೆ ಛಂದಸ್ಸನ್ನೋ ವ್ಯಾಕರಣವನ್ನೋ ಕುರಿತು ಬರೆಯಬೇಕೆಂಬುದು ಸಂಪಾದಕ ಮಿತ್ರರ ಅಪೇಕ್ಷೆಯಾಗಿತ್ತು. ಆದರೆ ಈ ವರ್ಷ ನನ್ನನ್ನು ಬಹುವಾಗಿ ಕಾಡಿದ್ದು ಒಂದು ಗಿಟಾರಿನ ಸದ್ದು. ಅನಧಿಕಾರ ಪ್ರಸಂಗವೆನಿಸಿದರೆ ವಾಚಕ ಮಹಾಶಯರು ಮನ್ನಿಸಬೇಕು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಮಕ್ಕಳು ನಮ್ಮ ಶಾಲೆಯ ಅಂಗಳದಲ್ಲಿ ಪ್ರತಿದಿನ ಹಾಡುವ ಪ್ರಾರ್ಥನೆಗೆ ಧಾಟಿ ಕಟ್ಟಿದವರು ಈಗ ನಿವೃತ್ತರಾಗಿರುವ ಸಂಗೀತದ ಮೇಷ್ಟ್ರು. ಅದನ್ನು ಅವರು ಸ್ವರ ಹಾಕಿ ಬರೆದಿಡಲಿಲ್ಲ. ಬರೆದಿಡುವ ಅಗತ್ಯವಿದೆಯೆಂದು ನಮಗೂ ತೋರಲಿಲ್ಲ. ಪಾವಗಡದಲ್ಲಿ ಮಗಳ ಮನೆಯಲ್ಲಿರುವ ಅವರಿಗೆ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಗುನುಗುವಷ್ಟು ಮಾತ್ರ ಧ್ವನಿ ಉಳಿದಿದೆ. ಇತ್ತ ಮಕ್ಕಳ ಬಾಯಲ್ಲಿ ಧಾಟಿ ಸವೆಯುತ್ತ ಬಂದು, ಮೂರನೆಯ ಚರಣವಂತೂ ಯಾವುದೋ ಚಲನಚಿತ್ರದ ಹಾಡಿನ ಜಾಡು ಹಿಡಿದಿತ್ತು.

ಕೊರಟಗೆರೆ ಕಡೆಯ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಗಿಟಾರ್ ನುಡಿಸುತ್ತಾನೆ. ಮೇಷ್ಟ್ರು ಅವನ ಕಿವಿಯ ಬಳಿ ಗುನುಗುವುದು, ಅವನು ಅದನ್ನು ತಂತಿಯ ಮೇಲೆ ನುಡಿಸಿ ಕಂಪ್ಯೂಟರಿನಲ್ಲಿ ಮುದ್ರಿಸುವುದು ಎಂದು ಏರ್ಪಾಟಾಯಿತು. ಗಿಟಾರಿಗೂ ಕಂಪ್ಯೂಟರಿಗೂ ನಡುವೆ ಪ್ರೊಸೆಸರ್ ಎಂಬ, ಕಾಲಿನಿಂದ ಒತ್ತುವ ಪೆಟ್ಟಿಗೆ. ಅದರಿಂದ ಕಂಪ್ಯೂಟರಿಗೆ ಯುಎಸ್‌ಬಿ ತಂತಿ. ಮೇಷ್ಟ್ರು ಬೆಳಗಿನ ಬಸ್ಸಿಗೆ ಬಂದರು. ಎರಡು ಗಂಟೆಗಳ ಕಾಲ ನಡೆದ ಆ ಕೆಲಸ ಮುಗಿದ ಮೇಲೆ ಕೇಳಿದರೆ, ಪಕ್ಕದ ಮನೆಯಲ್ಲಿ ಯಾರೋ ನುಡಿಸಿದಂತೆ ಸದ್ದು! ಮೇಷ್ಟ್ರು ತಲೆದೂಗಿ, “ಚೆನ್ನಾಗಿದೆ, ಪಂಡಿತರೇ” ಎಂದರು. ಹುಡುಗ ಗಣಕದಲ್ಲೇ ಸದ್ದನ್ನು ಏರಿಸಿದ. ಗಿಟಾರ್ ಏರಿತು, ಅದರೊಡನೆ ಮರಳು ಸುರಿದಂತಹ ಮೊರೆತವೂ ಏರಿತು.

“ನುಡಿಸುವಾಗ ನನ್ನ ಕಿವಿಗೆ ಜೋರಾಗಿಯೇ ಕೇಳುತ್ತಿತ್ತು, ಗುರುಗಳೇ” ಎಂದು ಹುಡುಗ ಪೇಚಾಡಿದ.

ಅನುಕೂಲವಾದ ವಾಯುವಿನಿಂದ ನಾಭಿಮೂಲದಲ್ಲಿ ಶಬ್ದವು ಹುಟ್ಟುತ್ತದೆಂದು 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಹೇಳಿದ್ದಾನೆ. ಇಪ್ಪತ್ತೈದು ವರ್ಷ ಅದನ್ನು ಪಾಠ ಹೇಳಿದ ನನಗೆ ತೋಚಿದ್ದು ಇಷ್ಟೇ: “ಸದ್ದು ಹುಟ್ಟುವ ಕಡೆಯಿಂದ ನೋಡಿಕೊಂಡು ಬಾರಪ್ಪ.” ಹುಡುಗ ಹಾಗೆಯೇ ಮಾಡಿದ. ಗಿಟಾರಿನ ಉಕ್ಕಿನ ತಂತಿ ಅಯಸ್ಕಾಂತದ ಮೇಲೆ ಕಂಪಿಸಿದಾಗ ಅದನ್ನು ಸುತ್ತಿದ ಸುರುಳಿಯಲ್ಲಿ ಹುಟ್ಟುವ ವಿದ್ಯುತ್ತು ಮೊದಲೇ ಬಲು ಕ್ಷೀಣ. ಅದರ ಮೇಲೆ ಗಿಟಾರಿನ ಗುಂಡಿ ಅರ್ಧಕ್ಕೆ ತಿರುಗಿತ್ತು! ಅದನ್ನು ಪೂರ್ತಿ ತೆರೆದ. ಪೆಟ್ಟಿಗೆಯಲ್ಲಿ ಆರಿಸಿಕೊಂಡಿದ್ದ ನಾದದ ಮಟ್ಟವೂ ಕೆಳಗಿತ್ತು, ಅದನ್ನು ಏರಿಸಿದ. ನಿಜವಾದ ಕಳ್ಳ ಸಿಕ್ಕಿದ್ದು ಆಮೇಲೆ. ಪೆಟ್ಟಿಗೆಯ ಮೇಲಿನ ದೊಡ್ಡ ಗುಂಡಿ ಕಿವಿಗೆ ಹಾಕಿಕೊಂಡ ಹೆಡ್‌ಫೋನಿನ ಸದ್ದನ್ನು ಮಾತ್ರ ಆಳುತ್ತಿತ್ತು. ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಹೋಗುವ ಸದ್ದಿಗೆ ಪೆಟ್ಟಿಗೆಯ ಪಟ್ಟಿಯೊಳಗೆ ಬೇರೊಂದು ಅಳತೆಯಿದ್ದು, ಅದು ತೀರ ತಗ್ಗಿನಲ್ಲಿತ್ತು. ಅವನು ಕೇಳಿದ್ದೇ ಬೇರೆ, ಮುದ್ರಣವಾದದ್ದೇ ಬೇರೆ.

ಮುದ್ರಿಸಿದ ಮೇಲೆ ಏರಿಸಿದರೆ ಏಕಾಗದು ಎಂದು ನಾನು ಕೇಳಿದೆ. ಅವನ ವಿವರಣೆ ಕನ್ನಡದ ಮೇಷ್ಟರಿಗೂ ತಿಳಿಯುವಂತಿತ್ತು. ಗಣಕದಲ್ಲಿ ಸದ್ದಿನ ತುತ್ತತುದಿಯೇ ಸೊನ್ನೆ ಡೆಸಿಬೆಲ್. ಅಲ್ಲಿಂದ ಕೆಳಕ್ಕೆ ಎಣಿಕೆ. 16 ಬಿಟ್ಟಿನ ಮುದ್ರಣದಲ್ಲಿ ಸದ್ದಿನ ಏರಿಳಿತವನ್ನು ಅಳೆಯಲು 65,536 ಮೆಟ್ಟಿಲುಗಳು. ಪ್ರತಿ 6 ಡೆಸಿಬೆಲ್ ಇಳಿದಾಗ ಅವು ಅರ್ಧವಾಗುತ್ತವೆ. ನಮ್ಮ ಮುದ್ರಣ ತುದಿಗಿಂತ ಸುಮಾರು 48 ಡೆಸಿಬೆಲ್ ಕೆಳಗೆ ನಿಂತಿತ್ತು. ಎಂದರೆ ಮೇಷ್ಟ್ರ ಧಾಟಿಗೆಲ್ಲ ದಕ್ಕಿದ್ದು 256 ಮೆಟ್ಟಿಲು. ಆಮೇಲೆ ಹಿಗ್ಗಿಸಿದರೆ ಮೆಟ್ಟಿಲು ದೊಡ್ಡದಾಗುವುದೇ ಹೊರತು ಹೊಸದು ಹುಟ್ಟುವುದಿಲ್ಲ. ಹಾಗೆಂದು ತುದಿಯನ್ನು ಮುಟ್ಟಿಸಲೂ ಬಾರದು. ಅಲ್ಲಿ ಸದ್ದಿನ ತಲೆಯೇ ಕತ್ತರಿಸಿಹೋಗುತ್ತದೆ, ಅದಕ್ಕೆ ಚಿಕಿತ್ಸೆಯಿಲ್ಲ. ಅತಿ ಜೋರಾದ ಸ್ವರ ತುದಿಗಿಂತ 6ರಿಂದ 12 ಡೆಸಿಬೆಲ್ ಕೆಳಗೆ ನಿಲ್ಲುವಂತೆ ಸರಿಪಡಿಸಿ, ಈ ಸಲ 24 ಬಿಟ್ಟಿಗೆ ಬದಲಾಯಿಸಿದ. ಅದರಲ್ಲಿ ಮೆಟ್ಟಿಲುಗಳು 1,67,77,216. ದುಂದುಗಾರನಿಗೂ ಸಾಲುವಷ್ಟು!

ಮತ್ತೆ ಮೇಷ್ಟ್ರನ್ನು ಪಾವಗಡದಿಂದ ಕರೆಸಬೇಕಾಯಿತು. ಆ ಆಯಾಸ ಅವರಿಗೆ ಸಲ್ಲದೆಂದು ಮಗಳು ಮೊದಲು ಒಪ್ಪಲಿಲ್ಲ. ನಾನೇ ಹೋಗಿ ಜೊತೆಯಲ್ಲಿ ಕರೆತಂದೆ. ಎರಡನೆಯ ಮುದ್ರಣ ಕೊಠಡಿ ತುಂಬ ಸ್ಪಷ್ಟವಾಗಿ ಮೊಳಗಿದಾಗ ನಾವೆಲ್ಲ ಹಿಗ್ಗಿದೆವು. ಮೇಷ್ಟ್ರು ಮಾತ್ರ ಹುಬ್ಬು ಗಂಟಿಕ್ಕಿ ಕುಳಿತಿದ್ದರು. ಮೂರನೆಯ ಚರಣ ಬಂದೊಡನೆ ಕೈಯೆತ್ತಿ ನಿಲ್ಲಿಸಿದರು.

“ತಪ್ಪು” ಎಂದರು, ಕೇಳಿಸಿಯೂ ಕೇಳಿಸದ ದನಿಯಲ್ಲಿ. “ಈ ಗಾಂಧಾರ ಹೀಗೆ ನಿಂತುಬಿಡಬಾರದು.”

“ಹೋದ ಸಲ ಚೆನ್ನಾಗಿದೆ ಎಂದಿರಲ್ಲ?”

“ಹೋದ ಸಲ ನನಗೇನೂ ಕೇಳಿಸಲಿಲ್ಲ, ಪಂಡಿತರೇ. ಹುಡುಗ ನೊಂದುಕೊಳ್ಳುತ್ತಾನೆಂದು ಹಾಗೆಂದೆ.”

ಆಮೇಲೆ ಅವರು ಹುಡುಗನ ಬೆರಳನ್ನು ತಾವೇ ಹಿಡಿದು ಕೆಳಗಿನ ಮೆಟ್ಟಿನ ಮೇಲಿಟ್ಟರು. ಅಲ್ಲಿಂದ ತಂತಿಯನ್ನು ಪಕ್ಕಕ್ಕೆಳೆದು ಗಾಂಧಾರವನ್ನು ಮುಟ್ಟಿಸಿ, ತೂಗಿಸಿ, ಮರಳಿ ಇಳಿಸುವುದನ್ನು ತೋರಿಸಿದರು. ಮಧ್ಯಾಹ್ನದ ಊಟದ ಗಂಟೆ ಬಾರಿಸಿತು. ಅವರು ಏಳಲಿಲ್ಲ. ಮೂರನೆಯ ಮುದ್ರಣ ಮುಗಿದಾಗ ಮಕ್ಕಳು ಊಟ ಮುಗಿಸಿ ಕಿಟಕಿಯ ಬಳಿ ಗುಂಪುಗೂಡಿದ್ದರು. ಅವರಲ್ಲೊಬ್ಬಳು ಆಗಲೇ ಆ ಚರಣವನ್ನು ಗುನುಗುತ್ತಿದ್ದಳು.