ಸಂತೆಗೂ ಉಡುವ ಇಳಕಲ್ ಸೀರೆ

ನಮ್ಮ ಕಡೆ ಇಳಕಲ್ ಸೀರೆ ಇಲ್ಲದ ಟ್ರಂಕು ಹುಡುಕಿದರೂ ಸಿಗಲಿಕ್ಕಿಲ್ಲ. ಆದರೆ ಅದು ಟ್ರಂಕಿನಿಂದ ಹೊರಗೆ ಬರುವುದು ಯಾವಾಗ? ಮದುವೆ, ಕುಬಸ, ಎಳ್ಳ ಅಮಾವಾಸ್ಯೆ. ಈಗ ಹೊಸದಾಗಿ ಸೇರಿದ್ದು ಕಾಲೇಜಿನ ಎಥ್ನಿಕ್ ಡೇ. ಹುಡುಗಿಯರು ಇಳಕಲ್ ಉಟ್ಟು, ತಲೆ ಮೇಲೆ ಬುಟ್ಟಿ ಇಟ್ಟುಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ, ಸಂಜೆ ಬಿಚ್ಚಿ ಇಡುತ್ತಾರೆ. ಫೋಟೊ ಚೆಂದ ಬರುತ್ತವೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಮ್ಮಜ್ಜಿ ಸೆಗಣಿ ಸಾರಿಸುವಾಗಲೂ ಉಟ್ಟಿದ್ದ ಸೀರೆ ಈಗ ನಾಟಕದ ವೇಷವಾಯಿತಲ್ಲ ಅನ್ನಿಸುತ್ತದೆ.

ವೇಷಕ್ಕಾದರೆ ವರ್ಷಕ್ಕೊಂದು ಸೀರೆ ಸಾಕು. ಗೆಳತಿಯ ಹತ್ತಿರ ಇಸಿದುಕೊಂಡು ಉಟ್ಟರೂ ನಡೆಯುತ್ತದೆ. ಮಗ್ಗದ ಮುಂದೆ ಕುಳಿತವರ ಹೊಟ್ಟೆ ಅದರಿಂದ ತುಂಬುವುದಿಲ್ಲ.

ಇಳಕಲ್ಲಿನ ಒಂದು ನೇಕಾರರ ಮನೆಯಲ್ಲಿ ಅರ್ಧ ದಿನ ಕುಳಿತು ನೋಡಿದ್ದೇನೆ. ಕುಣಿಮಗ್ಗ, ಅಂದರೆ ನೆಲ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ. ಈ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಿರಬಹುದು, ಹತ್ತಿ-ರೇಷ್ಮೆ ಬೆರೆತದ್ದಿರಬಹುದು, ಪೂರಾ ರೇಷ್ಮೆಯೂ ಇರಬಹುದು. ಸೆರಗು ಮಾತ್ರ ರೇಷ್ಮೆ. ಅಗ್ಗದ ಸೀರೆಯಲ್ಲಿ ಅದೂ ಕೃತಕ ರೇಷ್ಮೆ. ಈ ಎರಡು ಹಾಸುಗಳ ಎಳೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಕೂಡಿಸುವುದಕ್ಕೆ ಕೊಂಡಿ ಹಾಕುವುದು ಅಂತಾರೆ. ಹೀಗೆ ಕೂಡಿಸಿ ನೇಯ್ದದ್ದೇ ಟೋಪತೆನಿ ಸೆರಗು: ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ. ಒಂದು ಸೆರಗು ಒಂದೇ ಸೀರೆಗೆ ಕೂಡುವುದರಿಂದ ಪ್ರತಿ ಸೀರೆಗೂ ಹೊಸದಾಗಿ ಹಾಸು ತಯಾರಿಸಬೇಕು. ಉದ್ದಕ್ಕೆ ಹತ್ತು ಸೀರೆಯ ಹಾಸು ಹೂಡಿ ನೇಯ್ದು ಕತ್ತರಿಸಿಬಿಡಲು ಬರುವುದಿಲ್ಲ.

ಆ ಮನೆಯಲ್ಲಿ ಕೊಂಡಿ ಹಾಕುತ್ತಿದ್ದ ಅವ್ವ ಉಟ್ಟಿದ್ದು ಹೂವಿನ ಪಾಲಿಯೆಸ್ಟರ್ ಸೀರೆ. ನಾನು ಅದನ್ನೇ ನೋಡುತ್ತಿದ್ದದ್ದು ಆಕೆಗೆ ತಿಳಿಯಿತು. "ಇದನ್ನ ನಾವ ಉಟ್ರ ಮಾರೋದೇನ ತಂಗಿ?" ಅಂದು ನಕ್ಕಳು. ನನಗೆ ನಗು ಬರಲಿಲ್ಲ.

ಪಾಲಿಯೆಸ್ಟರ್ ಉಡುವವರನ್ನು ಬೈಯುವ ಮಾತೇ ಇಲ್ಲ. ಒಗೆದರೆ ತಾಸಿನಲ್ಲಿ ಒಣಗುತ್ತದೆ, ಇಸ್ತ್ರಿ ಬೇಡ, ಒಂದು ಇಳಕಲ್ಲಿನ ರೊಕ್ಕದಲ್ಲಿ ಮೂರು ಬರುತ್ತವೆ. ಆದರೆ ಏಪ್ರಿಲ್ ತಿಂಗಳ ಬಿಸಿಲಲ್ಲಿ ಮೈಗೆ ಅಂಟಿಕೊಳ್ಳುವ ಆ ಬಟ್ಟೆಯ ಹಿಂಸೆ ಬಸ್ಸಿನಲ್ಲಿ ನಿಂತು ಹೋಗುವವರಿಗೆ ಗೊತ್ತು. ನಾನು ಹತ್ತಿಯ ಇಳಕಲ್ಲಿಗೆ ಬಂದದ್ದು ಅದೇ ಕಾರಣಕ್ಕೆ. ಸಂಸ್ಕೃತಿ ಉಳಿಸುವ ಮಾತೆಲ್ಲ ಆಮೇಲೆ.

ವರದಿಗೆಂದು ಹಳ್ಳಿ ತಿರುಗುವ ದಿನ ಗಂಜಿ ಹಾಕದ ಹತ್ತಿಯ ಸೀರೆ, ಸಣ್ಣ ಚಿಕ್ಕಿ ದಡಿಯದು. ಹಿಮ್ಮಡಿ ಕಾಣುವಷ್ಟು ಮೇಲೆ ಉಡುತ್ತೇನೆ, ಕಾಲಿಗೆ ಕ್ಯಾನ್ವಾಸ್ ಬೂಟು. ಮೊದಮೊದಲು ಜನ ಕಾಲನ್ನೇ ನೋಡುತ್ತಿದ್ದರು, ಈಗ ಯಾರೂ ನೋಡುವುದಿಲ್ಲ. ಸೆರಗನ್ನು ನಾಲ್ಕು ಬೆರಳ ಅಗಲಕ್ಕೆ ಮಡಿಚಿ ಸೊಂಟಕ್ಕೆ ಸಿಕ್ಕಿಸಿದರೆ ಸ್ಕೂಟರಿನ ಗಾಲಿಯ ಭಯವಿಲ್ಲ. ಪಿನ್ನು ಹಾಕುವುದಿದ್ದರೆ ಒಡಲಿನ ಹತ್ತಿಯ ಭಾಗಕ್ಕೆ ಹಾಕಿ. ಕೊಂಡಿಯ ಸಾಲಿಗೆ ಹಾಕಿದರೆ ಎಳೆ ಜಗ್ಗುತ್ತದೆ.

ಕುಪ್ಪಸದ್ದೇ ಅರ್ಧ ಆಟ. ಇಳಕಲ್ಲಿಗೆ ಗುಳೇದಗುಡ್ಡದ ಖಣವೇ ಜೋಡಿ ಎಂಬುದು ಎಲ್ಲರಿಗೂ ಗೊತ್ತು, ಎರಡೂ ಬಾಗಲಕೋಟೆ ಜಿಲ್ಲೆಯವೇ. ಆದರೆ ಖಣ ತೊಟ್ಟ ಕೂಡಲೇ "ಯಾವ ಊರಾಗ ಲಗ್ನ?" ಎಂಬ ಪ್ರಶ್ನೆ ಬರುತ್ತದೆ. ಅದೇ ಸೀರೆಗೆ ಸಾದಾ ಕಪ್ಪು ಹತ್ತಿಯ ಕುಪ್ಪಸ ತೊಟ್ಟು ನೋಡಿ. ತಾಲ್ಲೂಕು ಕಚೇರಿಗೆ ಹೋಗಿ, ಬ್ಯಾಂಕಿಗೆ ಹೋಗಿ, ಶಾಲೆಯ ಪಾಲಕರ ಸಭೆಗೆ ಹೋಗಿ, ಯಾರೂ ಕೇಳುವುದಿಲ್ಲ. ನಾನು ಚಳಿಗಾಲದಲ್ಲಿ ಉದ್ದ ತೋಳಿನ ಹಳೆಯ ಕುರ್ತಾವನ್ನೇ ಕತ್ತರಿಸಿ ಕುಪ್ಪಸ ಮಾಡಿಕೊಂಡಿದ್ದೇನೆ.

ಮನೆಯ ಕಾರ್ಯಕ್ಕೆ ಅದೇ ಸೀರೆಗೆ ಖಣ ತೊಟ್ಟು ಸೆರಗನ್ನು ಬಿಚ್ಚಿ ಹರವುತ್ತೇನೆ. ಮಡಿಕೆಯಲ್ಲಿ ಅಡಗಿದ್ದ ಕೆಂಪು-ಬಿಳಿ ಈಗ ಬೆನ್ನ ತುಂಬ ಕಾಣುತ್ತದೆ, ಬೇರೆ ಸೀರೆಯೇ ಅನ್ನಬೇಕು. ಉಡಿ ತುಂಬಿಸಿಕೊಳ್ಳಲೂ ಅಗಲ ಸೆರಗೇ ಅನುಕೂಲ. ಸಾವಿನ ಮನೆಗೆ ಹೋಗುವಾಗ ಖಣ ಬಿಡುತ್ತೇನೆ, ಸೆರಗು ತಲೆ ಮೇಲೆ ಬರುತ್ತದೆ, ಅಷ್ಟೇ. ಕಸೂತಿ ಹಾಕಿದ್ದು ಒಂದಿದೆ, ಅದನ್ನು ಮಾತ್ರ ಎತ್ತಿಟ್ಟಿದ್ದೇನೆ. ಗಂಟಿಲ್ಲದೆ ಎಳೆ ಎಣಿಸಿ ಹಾಕಿದ ಗೋಪುರ, ತೇರು ಬಸ್ಸಿನ ಕಬ್ಬಿಣಕ್ಕೆ ಸಿಕ್ಕರೆ ಹೊಟ್ಟೆ ಉರಿಯುತ್ತದೆ.

ಹೊಲದ ಕೆಲಸಕ್ಕೆ ಆರು ಗಜದ್ದು ಸಾಲದು. ಕಚ್ಚೆ ಹಾಕಬೇಕಾದರೆ ಎಂಟು ಇಲ್ಲವೇ ಒಂಬತ್ತು ಗಜ ಬೇಕು. ಅದನ್ನು ಉಡಲು ಕಲಿಸಿದ್ದು ನಮ್ಮ ಓಣಿಯ ಹಿರಿಯಳು. ಕಚ್ಚೆ ಉಟ್ಟು ಕಳೆ ತೆಗೆದ ದಿನ ಚೂಡಿದಾರಕ್ಕಿಂತ ಸಲೀಸು ಅನ್ನಿಸಿತು. ನಂಬದಿದ್ದರೆ ಒಮ್ಮೆ ಉಟ್ಟು ನೋಡಿ.

ಕೊಳ್ಳುವಾಗ ಒಂದು ಮಾತು. ಒಡಲು, ಸೆರಗು ಕೂಡುವ ಜಾಗವನ್ನು ತಿರುವಿ ನೋಡಿ. ಎರಡು ಬಣ್ಣದ ಎಳೆಗಳು ಒಂದಕ್ಕೊಂದು ಸಿಕ್ಕಿಸಿಕೊಂಡ ಸಾಲು ಕಾಣಬೇಕು. ಕಾಣದಿದ್ದರೆ ಅಂಗಡಿಯವರು ಏನೇ ಹೇಳಲಿ, ಅದಕ್ಕೆ ಕೊಂಡಿ ಹಾಕಿಲ್ಲ, ಕೊಂಡಿಯ ರೊಕ್ಕವನ್ನೂ ಕೊಡಬೇಕಿಲ್ಲ. ಮನೆಗೆ ತಂದ ಮೇಲೆ ಮೊದಲ ಸಲ ಉಪ್ಪು ನೀರಲ್ಲಿ ಬೇರೆಯಾಗಿ ಒಗೆಯಿರಿ, ಕೆಂಪು ಬಣ್ಣ ಬಿಡುವುದುಂಟು. ಸೆರಗು ಹಿಂಡಬೇಡಿ, ನೆರಳಲ್ಲಿ ಒಣಹಾಕಿ.

ದಿನವೂ ಉಟ್ಟರೆ ಸವೆಯುವುದಿಲ್ಲವೇ? ಸವೆಯುತ್ತದೆ. ನಮ್ಮವ್ವನ ಹತ್ತಿಯ ಇಳಕಲ್ಲಿನ ಒಡಲು ಮೊದಲು ಹರಿಯಿತು, ಸೆರಗು ಇನ್ನೂ ಗಟ್ಟಿಯಿತ್ತು. ಒಡಲು ಕೌದಿಯ ಒಳಪದರಕ್ಕೆ ಹೋಯಿತು. ಕೆಂಪು ಸೆರಗನ್ನು ಚೌಕ ಕತ್ತರಿಸಿ ಕೌದಿಯ ನಟ್ಟನಡುವೆ ಇಟ್ಟು ಹೊಲಿದಳು. ಈಗ ಅದನ್ನು ಹೊದ್ದುಕೊಳ್ಳುವುದು ನನ್ನ ತಮ್ಮ.