ದ್ರಾಕ್ಷಿಯ ಊರಿನಲ್ಲಿ ಒಂದು ಕಪ್ ಚಾ

ಬೆಂಗಳೂರಿನ ಗೆಳೆಯರ ಮುಂದೆ ವಿಜಯಪುರದ ದ್ರಾಕ್ಷಿಯ ಮಾತು ತೆಗೆದರೆ ಸಾಕು, ‘ಹಾಗಾದರೆ ವೈನ್ ಎಲ್ಲಿ ಸಿಗುತ್ತದೆ?’ ಎಂದು ಕೇಳುತ್ತಾರೆ. ಅವರ ತಪ್ಪಲ್ಲ. ನಂದಿ ಬೆಟ್ಟದ ಕಡೆ, ನಾಸಿಕದ ಕಡೆ ತೋಟ ನೋಡಲು ಹೋದವರ ಕೈಗೆ ಗ್ಲಾಸು ಕೊಟ್ಟು ಅಭ್ಯಾಸ ಮಾಡಿಸಿದ್ದಾರೆ. ಅಂಥವರನ್ನು ಒಮ್ಮೆ ಹೊನವಾಡಕ್ಕೆ ಕರೆದೊಯ್ಯಬೇಕು, ಅದೂ ಮಾರ್ಚ್ ತಿಂಗಳಲ್ಲಿ, ಮಟಮಟ ಮಧ್ಯಾಹ್ನ.

ವಿಜಯಪುರದಿಂದ ಪಶ್ಚಿಮಕ್ಕೆ ಹೊರಟರೆ ಮೊದಲು ಬರುವುದು ತೊರವಿ. ಕುಮಾರ ವಾಲ್ಮೀಕಿ ರಾಮಾಯಣ ಬರೆದ ಊರು ಎಂದು ಕನ್ನಡದವರಿಗೆ ಗೊತ್ತು. ಎರಡನೇ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಇಲ್ಲಿಯೇ ನವರಸಪುರ ಕಟ್ಟಲು ಹೊರಟದ್ದು. ಒಂಬತ್ತು ರಸಗಳ ಹೆಸರಿನ ಆ ನಗರವನ್ನು 1624ರಲ್ಲಿ ಮಲಿಕ್ ಅಂಬರನ ಸೈನ್ಯ ಹಾಳುಗೆಡವಿತು, ಉಳಿದಿರುವುದು ಮೊಂಡುಗೋಡೆಗಳು. ಇಬ್ರಾಹಿಮನ ಕಾಲದಲ್ಲೇ ಅಕ್ಬರನ ದೂತ ಅಸದ್ ಬೇಗ್ ವಿಜಾಪುರದ ಪೇಟೆ ಸುತ್ತಿ ಒಡವೆಯಂಗಡಿ, ಆಯುಧದಂಗಡಿ, ಮದ್ಯದಂಗಡಿಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ವಾಪಸು ಹೋಗುವಾಗ ಬಾದಶಹನಿಗೆ ಇಲ್ಲಿಂದ ತಂಬಾಕನ್ನೂ ಒಯ್ದ. ಗೆಳೆಯರು ನಾಲ್ಕು ನೂರು ವರ್ಷ ತಡವಾಗಿ ಹುಟ್ಟಿದರು, ಅಷ್ಟೇ. ಈಗ ಅದೇ ತೊರವಿಯ ಬಳಿ ವೈನ್ ಪಾರ್ಕ್ ಮಾಡುತ್ತಾರೆ ಎಂಬ ಮಾತನ್ನು ವರ್ಷಗಳಿಂದ ಕೇಳುತ್ತಿದ್ದೇವೆ.

ತಿಕೋಟಾ ದಾಟಿದ ಮೇಲೆ ಎರಿ ಹೊಲ ಕಡಿಮೆಯಾಗಿ ಮಡ್ಡಿ ಕಾಣಿಸತೊಡಗುತ್ತದೆ. ಮೇಲೆ ಗೇಣುದ್ದ ಮಣ್ಣು, ಕೆಳಗೆ ಗರಸು, ಅದರ ಕೆಳಗೆ ಕಲ್ಲು. ಬಿಳಿಜೋಳದವರ ಕಣ್ಣಿಗೆ ಇದು ಹೊಲವೇ ಅಲ್ಲ. ಎರಿ ಹೊಲದವರು ಮಡ್ಡಿಯವರ ಮನೆಯ ಬೀಗತನಕ್ಕೆ ಎರಡು ಸಲ ಯೋಚಿಸುತ್ತಿದ್ದರೆ ಆಶ್ಚರ್ಯವಿಲ್ಲ. ಆದರೆ ಬೇರಿನಲ್ಲಿ ನೀರು ನಿಂತರೆ ದ್ರಾಕ್ಷಿಗೆ ಆಗಿಬರುವುದಿಲ್ಲ. ನೀರು ಹಿಡಿದಿಡದ ಈ ನೆಲವೇ ಅದಕ್ಕೆ ಬೇಕು. ಹಾಗೆಂದು ನೀರೇ ಇಲ್ಲದಿದ್ದರೆ? ಬರಗಾಲದಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರಿನ ನೀರು ಕೊಂಡು ಡ್ರಿಪ್ಪಿಗೆ ಬಿಟ್ಟು ಬಳ್ಳಿ ಉಳಿಸಿಕೊಂಡ ಕಥೆ ಈ ಕಡೆ ಯಾರ ಮನೆಯಲ್ಲಾದರೂ ಸಿಗುತ್ತದೆ. ಕೃಷ್ಣೆಯ ನೀರನ್ನು ಮೇಲೆತ್ತುವ ತುಬಚಿ–ಬಬಲೇಶ್ವರ ಏತ ನೀರಾವರಿ ಬಂದ ಮೇಲೆ ಆ ಕಥೆಗಳನ್ನು ನಕ್ಕು ಹೇಳುವಷ್ಟು ಧೈರ್ಯ ಬಂದಿದೆ.

ತೋಟದೊಳಗೆ ಕಾಲಿಟ್ಟರೆ ತಲೆಯ ಮೇಲೆ ಬಳ್ಳಿ, ಎದೆಮಟ್ಟಕ್ಕೆ ಗೊನೆ. ನಮ್ಮ ಮಣ್ಣಿನ ಮಗಳೆಂದು ನಾವು ಎದೆತಟ್ಟಿಕೊಳ್ಳುವ ಈ ಬಳ್ಳಿಯ ವಂಶಾವಳಿ ಬಹಳ ಮೋಜಿನದು. ಬೇರು ಡಾಗ್‌ರಿಜ್, ಅಮೆರಿಕದ ಟೆಕ್ಸಾಸ್ ಕಡೆಯ ಕಾಡುದ್ರಾಕ್ಷಿಯ ಕುಲ. ಸವುಳಿಗೂ ಬರಕ್ಕೂ ಜಗ್ಗುವುದಿಲ್ಲ. ಅದಕ್ಕೆ ಕಸಿ ಕಟ್ಟಿದ್ದು ಥಾಮ್ಸನ್ ಸೀಡ್‌ಲೆಸ್ಸಿನ ಮನೆತನ. ಮೂಲ ಪಶ್ಚಿಮ ಏಷ್ಯಾದ್ದು, ಹೆಸರು ಕ್ಯಾಲಿಫೋರ್ನಿಯಾದ ರೈತನೊಬ್ಬನದು. ಆ ಥಾಮ್ಸನ್ನಿನಿಂದಲೇ ಆರಿಸಿ ತೆಗೆದ ‘ತಾಸ್–ಎ–ಗಣೇಶ’ ತಳಿ ಪಕ್ಕದ ಸಾಂಗ್ಲಿ ಜಿಲ್ಲೆಯ ತಾಸಗಾಂವ ಕಡೆಯದು. ಇಷ್ಟು ದೇಶ ಸುತ್ತಿ ಬಂದವಳಿಗೆ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿ ಸವರುವುದು: ಏಪ್ರಿಲ್‌ನಲ್ಲಿ ಕಡ್ಡಿಗಾಗಿ ಒಮ್ಮೆ, ಅಕ್ಟೋಬರಿನ ಸುಮಾರಿಗೆ ಹಣ್ಣಿಗಾಗಿ ಇನ್ನೊಮ್ಮೆ. ಅಲ್ಲಿಂದ ಹಣ್ಣು ಕೀಳುವವರೆಗೆ ಮೋಡ ಕಂಡರೆ ಮನೆಮಂದಿಗೆಲ್ಲ ನಿದ್ದೆಯಿಲ್ಲ. ಜೋಳದ ರೈತ ಮಳೆಗಾಗಿ ಆಕಾಶ ನೋಡಿದರೆ, ದ್ರಾಕ್ಷಿಯವನು ಮಳೆ ಬರದಿರಲೆಂದು ನೋಡುತ್ತಾನೆ. ಒಂದೇ ಊರಿನ ಹರಕೆಗಳನ್ನು ದೇವರು ಹೇಗೆ ವಿಂಗಡಿಸುತ್ತಾನೋ.

ಗೆಳೆಯರು ಹುಡುಕುವ ಪೀಪಾಯಿಯ ಜಾಗದಲ್ಲಿ ಇಲ್ಲಿರುವುದು ಶೆಡ್ಡು. ಕಬ್ಬಿಣದ ಕಂಬ, ಒಂದರ ಮೇಲೊಂದು ಬಲೆಯ ಅಂತಸ್ತು, ಮೇಲೆ ನೆರಳು, ಪಕ್ಕಗಳಲ್ಲಿ ಗಾಳಿ. ಕಿತ್ತು ತಂದ ಹಣ್ಣನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ ಬಲೆಯ ಮೇಲೆ ಹರಡುತ್ತಾರೆ. ಸಿಪ್ಪೆಯ ಮೇಣ ಸಡಿಲಾಗಿ ಒಳಗಿನ ನೀರಿಗೆ ಹೊರಬರುವ ದಾರಿಯಾಗುತ್ತದೆ. ಎರಡು ವಾರದೊಳಗೆ ಮಣೂಕ ಸಿದ್ಧ. ನಾಲ್ಕು ಕಿಲೋ ಹಣ್ಣಿಗೆ ಸುಮಾರು ಒಂದು ಕಿಲೋ. ಉಳಿದ ಮೂರು ಕಿಲೋ ತಿಕೋಟಾದ ಬಿಸಿಲಿಗೆ ಸೇರಿದ್ದು. ನಾವೆಲ್ಲ ಬೈಯುತ್ತ ತಿರುಗುವ ಬಿಸಿಲು ಇಲ್ಲಿ ಸಂಬಳವಿಲ್ಲದ ಆಳು.

ಶೆಡ್ಡಿನ ನೆರಳಿನಲ್ಲಿ ಕುಳಿತಿದ್ದ ಯಜಮಾನರು ಮಣೂಕದ ಹಿಡಿ ಕೈಗೆ ಸುರಿದು ಚಾ ತರಿಸಿದರು. ಧೈರ್ಯ ಮಾಡಿ ಗೆಳೆಯರ ಪ್ರಶ್ನೆ ಇಟ್ಟೆ: ‘ಕಾಕಾ, ವೈನ್ ದ್ರಾಕ್ಷಿ ಯಾಕ ಹಚ್ಚಲಿಲ್ರಿ?’

‘ತಮ್ಮಾ, ಬಿಜ್ಜರಗಿ ಇಲ್ಲೇ ಐತಿ,’ ಎಂದರು. ಸಿದ್ಧೇಶ್ವರ ಸ್ವಾಮೀಜಿಯವರ ಹುಟ್ಟೂರು ಅದು. ಕಿಸೆಯಿಲ್ಲದ ಅಂಗಿ ತೊಟ್ಟು, 2018ರಲ್ಲಿ ಪದ್ಮಶ್ರೀಯನ್ನೂ ಬೇಡವೆಂದವರ ಪ್ರವಚನ ಕೇಳಿ ಬೆಳೆದ ಸೀಮೆಯಲ್ಲಿ ಬಾಟಲಿಯ ಮಾತಿಗೆ ಇದೇ ಪೂರ್ಣವಿರಾಮ ಎಂದುಕೊಂಡೆ. ಕಾಕಾ ನಕ್ಕರು. ‘ಅದಿರ್ಲಿ. ತಿನ್ನೂ ಹಣ್ಣಿಗೆ ರೇಟ್ ಬರ್ಲಿಲ್ಲಂದ್ರ ಒಣಗಸ್ತೀವಿ. ಬೀಜ ಇರೂ ಆ ಸಣ್ಣ ಹಣ್ಣು ಕಂಪನಿಯವ್ರು ಒಲ್ಲೆ ಅಂದ್ರ ಯಾರ ಬಾಯಾಗ ಹಾಕೂದು?’

ಇದು ಬರಿಯ ಅಂಜಿಕೆಯಲ್ಲ. 2008ರ ಆರ್ಥಿಕ ಹಿಂಜರಿತದ ಬೆನ್ನಲ್ಲೇ ಮಹಾರಾಷ್ಟ್ರದಲ್ಲಿ ವೈನರಿಗಳು ಖರೀದಿಯಿಂದ ಹಿಂದೆ ಸರಿದು, ಎಷ್ಟೋ ರೈತರು ವೈನ್ ಬಳ್ಳಿ ಕಿತ್ತು ಹಾಕಿದ್ದರು. ಗಡಿಯಾಚೆಯ ಸುದ್ದಿ ಇಲ್ಲಿಗೆ ಬರಲು ಪತ್ರಿಕೆ ಬೇಕಿಲ್ಲ. ತಾಸಗಾಂವ, ಸಾಂಗ್ಲಿಯ ಪೇಟೆಗೆ ಮಣೂಕ ಒಯ್ದವರು ರೇಟಿನ ಜೊತೆಗೆ ಅದನ್ನೂ ತರುತ್ತಾರೆ. 2007ರಲ್ಲಿ ನಮ್ಮ ರಾಜ್ಯ ತಂದ ವೈನ್ ನೀತಿಯಲ್ಲಿ ರೈತನ ಹೆಸರು ಚೆನ್ನಾಗಿಯೇ ಇದೆ. ಆದರೂ ನನಗೆ ಕಾಕಾನ ಲೆಕ್ಕವೇ ಗಟ್ಟಿ ಅನ್ನಿಸಿತು. ಹಸಿ ಹಣ್ಣಿನ ವ್ಯಾಪಾರಿ ಕಾರಿನ ಬಾಗಿಲು ತೆರೆದಿಟ್ಟುಕೊಂಡೇ ಚೌಕಾಶಿ ಮಾಡುತ್ತಾನೆ, ಹಣ್ಣು ಕಾಯುವುದಿಲ್ಲವೆಂದು ಅವನಿಗೂ ಗೊತ್ತು. ಒಣಗಿದ ಮೇಲೆ ಬಾಕ್ಸ್ ತುಂಬಿ ಕೋಲ್ಡ್ ಸ್ಟೋರೇಜಿನಲ್ಲಿಟ್ಟು, ‘ಮುಂದಿನ ವಾರ ನೋಡೂಣ್ರಿ’ ಎನ್ನುವ ಸರದಿ ರೈತನದು. ಅದಕ್ಕೂ ಬಾಡಿಗೆಯಿದೆ, ತಡವಾದಷ್ಟು ಬಣ್ಣ ಕಪ್ಪಾಗುವ ಭಯವೂ ಇದೆ ಎನ್ನುವುದು ಬೇರೆ ಮಾತು.

ಎರಡನೇ ಚಾ ಬಂತು. ಈಗ ಕೇಳುವ ಸರದಿ ಕಾಕಾನದು. ‘ವೈನ್ ವರ್ಷಗಟ್ಟಲೆ ಇಟ್ಟಷ್ಟೂ ರೇಟ್ ಏರ್ತದಂತಲ್ಲ, ಖರೇ ಏನು?’

‘ಒಳ್ಳೇ ವೈನಿಗೆ ಹೌದಂತರಿ.’

‘ಹಂಗಾರ ಅಲ್ಲೀತನಕ ಸೊಸೈಟಿ ಸಾಲದ ಬಡ್ಡಿ ಯಾರು ಕಟ್ತಾರ?’